ಹಳೇ ಕಾರು ಮಿಸ್ಸಿಂಗ್ ಹೊಡೆದರೆ: ಮೊದಲು ಕೇಳಬೇಕಾದ್ದು ‘ಯಾವಾಗ?’

ಒಂದು ಜುಲೈ ಸಂಜೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮಳೆ ಅಂದರೆ ಮಳೆ. ಎರಡನೇ ಗೇರಿನಲ್ಲಿ ಒಂದು ತಿರುವು ಏರುವಾಗ ನಮ್ಮ ಹಳೇ ಕಾರು ಗಕ್ ಗಕ್ ಅಂತ ಮುಗ್ಗರಿಸತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಜರ್ಕ್ ಜಾಸ್ತಿ, ಪಿಕಪ್ ಸೊನ್ನೆ. ಹಿಂದಿನಿಂದ ಬಸ್ಸಿನ ಹಾರ್ನು ಬೇರೆ. ಹೇಗೋ ಕೊಟ್ಟಿಗೆಹಾರ ಮುಟ್ಟಿದೆವು. ನೀರುದೋಸೆ ತಿಂದು, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಕಾರು ಏನೂ ಆಗಿಯೇ ಇಲ್ಲವೇನೋ ಅನ್ನೋ ಹಾಗೆ ಓಡಿತು.

ಊರಿಗೆ ಬಂದ ಮೇಲೆ ಮೊದಲ ಮೆಕ್ಯಾನಿಕ್ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದ. ಎರಡನೆಯವನು ಪೆಟ್ರೋಲ್ ಫಿಲ್ಟರ್, ಕಿಡಿ ಹಚ್ಚುವ ಪ್ಲಗ್ ಎರಡನ್ನೂ ಬದಲಿಸಿದ. ಮುಂದಿನ ಮಳೆಗೆ ಮತ್ತೆ ಅದೇ ಕತೆ. ಮೂರನೆಯವರು ಸ್ವಲ್ಪ ವಯಸ್ಸಾದವರು. ಬಾನೆಟ್ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದರು: “ಯಾವಾಗ ಹೊಡೆಯುತ್ತೆ ಸಾರ್?”

ಆ ಪ್ರಶ್ನೆಯೇ ಅರ್ಧ ರಿಪೇರಿ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮಳೆಗಾಲ ಬಂದಾಗ ಹಳೇ ಕಾರಿನವರಿಗೆ ಈ ತಲೆನೋವು ಮಾಮೂಲಿ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆಯೂ ಅನುಮಾನ ಸೇರಿಕೊಂಡಿದೆ. ಹಾಗಾಗಿ ಈ ಮಿಸ್ಸಿಂಗ್ ಅಂದರೇನು, ಅದನ್ನು ಹುಡುಕುವುದು ಹೇಗೆ ಅಂತ ಬುಡದಿಂದ ನೋಡೋಣ.

ಮೂರು ಜನ, ಒಂದು ಒರಳು

ಹಿಂದೆ ಮನೆಗಳಲ್ಲಿ ಮೂವರು ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಭತ್ತ ಕುಟ್ಟುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರ ಒನಕೆ ಬೀಳಬೇಕು. ದಬ್, ದಬ್, ದಬ್. ಮೂವರಲ್ಲಿ ಒಬ್ಬರ ಕೈ ಸೋತರೆ? ದಬ್, ದಬ್... ಖಾಲಿ. ದಬ್, ದಬ್... ಖಾಲಿ. ಕುಟ್ಟುವ ಕೆಲಸ ನಿಲ್ಲುವುದಿಲ್ಲ, ಆದರೆ ಲಯ ಕುಂಟುತ್ತದೆ. ಉಳಿದಿಬ್ಬರ ಮೇಲೆ ಭಾರ ಬೀಳುತ್ತದೆ.

ಮಾರುತಿ 800 ಕಾರಿನ 796 ಸಿಸಿ ಎಂಜಿನ್ನಿನಲ್ಲಿ ಇರುವುದೂ ಮೂರೇ ಸಿಲಿಂಡರ್. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರು 2014ರ ಜನವರಿವರೆಗೆ ತಯಾರಾಯಿತು. ನಮ್ಮ ಎಷ್ಟೋ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡಿದ್ದು ಇದರ ಮೇಲೆಯೇ. ಹಾಗಾಗಿ ಉದಾಹರಣೆಗೆ ಇದನ್ನೇ ಇಟ್ಟುಕೊಳ್ಳೋಣ.

ಒಂದೊಂದು ಸಿಲಿಂಡರಿನಲ್ಲೂ ನಾಲ್ಕು ಕೆಲಸ ಸರದಿಯಲ್ಲಿ ನಡೆಯುತ್ತವೆ. ಗಾಳಿ-ಪೆಟ್ರೋಲ್ ಎಳೆದುಕೊಳ್ಳುವುದು, ಅದನ್ನು ಒತ್ತುವುದು, ಕಿಡಿ ಹಚ್ಚಿ ಉರಿಸುವುದು, ಹೊಗೆಯನ್ನು ಹೊರಗೆ ತಳ್ಳುವುದು. ಈ ನಾಲ್ಕೂ ಮುಗಿಯುವಷ್ಟರಲ್ಲಿ ಎಂಜಿನ್ನಿನ ದಂಡ ಎರಡು ಸುತ್ತು ತಿರುಗಿರುತ್ತದೆ. ಈ ದಂಡಕ್ಕೆ ಕ್ರ್ಯಾಂಕ್ ಅನ್ನುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಆಗ ಒಂದು ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು. ಮೂರೂ ಸೇರಿ 1,200 ಸಲ, ಅಂದರೆ ಸೆಕೆಂಡಿಗೆ 20 ಸಲ.

ಈ ಸರದಿಯಲ್ಲಿ ಯಾವುದಾದರೂ ಸಿಲಿಂಡರ್ ಉರಿಯದೇ ಹೋದರೆ, ಅಥವಾ ಅರೆಬರೆ ಉರಿದರೆ, ಅದೇ ಮಿಸ್‌ಫೈರ್. ಗ್ಯಾರೇಜಿನ ಭಾಷೆಯಲ್ಲಿ ‘ಮಿಸ್ಸಿಂಗ್’. ಸಿಲಿಂಡರ್ ಕಡಿಮೆ ಇದ್ದಷ್ಟೂ ಅದು ಜೋರಾಗಿ ಗೊತ್ತಾಗುತ್ತದೆ. ನಾಲ್ವರಲ್ಲಿ ಒಬ್ಬರು ಕೈ ಬಿಡುವುದಕ್ಕೂ ಮೂವರಲ್ಲಿ ಒಬ್ಬರು ಕೈ ಬಿಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಕಾರಿನ ಹಿಂದೆ ಹೋಗಿ ಸೈಲೆನ್ಸರ್ ಕೇಳಿ. ಎಂಜಿನ್ ಸರಿ ಇದ್ದರೆ ಸಮನಾದ ಗುರ್ ಸದ್ದು. ಮಿಸ್ಸಿಂಗ್ ಇದ್ದರೆ ನಡುನಡುವೆ ‘ಪಫ್’ ಅಂತ ಒಂದು ಸೋತ ಸದ್ದು. ಸೈಲೆನ್ಸರ್ ಬಾಯಿಯ ಎದುರು ಒಂದು ಕಾಗದದ ಚೂರು ಹಿಡಿದು ನೋಡುವುದು ಹಳಬರ ಉಪಾಯ. ಕಾಗದ ಒಂದೇ ಸಮನೆ ಹೊರಗೆ ತಳ್ಳಿಸಿಕೊಳ್ಳಬೇಕು. ಆಗಾಗ ಮುಗ್ಗರಿಸಿದರೆ, ಇಲ್ಲವೇ ಒಳಕ್ಕೆ ಎಳೆದುಕೊಂಡರೆ, ಯಾವುದೋ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಥವಾ ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅಂತ ಗುಮಾನಿ ಪಡಬೇಕು.

ಉರಿಯಲು ಬೇಕಾದ್ದು ಮೂರೇ

ಒಲೆ ಹೊತ್ತಿಸಿದವರಿಗೆ ಇದು ಹೊಸದಲ್ಲ. ಸೌದೆ ಬೇಕು, ಗಾಳಿ ಬೇಕು, ಕಡ್ಡಿ ಗೀರಬೇಕು. ಎಂಜಿನ್ನಿನಲ್ಲಿ ಸೌದೆ-ಗಾಳಿ ಎರಡೂ ಮೊದಲೇ ಬೆರೆತು ಬರುತ್ತವೆ. ಅದರ ಜತೆಗೆ ಬೇಕಾಗಿರುವ ಇನ್ನೊಂದು ಸಂಗತಿ ಒತ್ತಡ. ಹೀಗಾಗಿ ಹುಡುಕಬೇಕಾದ ಜಾಗಗಳು ಮೂರು: ಕಿಡಿ, ಮಿಶ್ರಣ, ಒತ್ತಡ.

ಮಿಶ್ರಣಕ್ಕೆ ಒಂದು ಅಳತೆ ಇದೆ. ಉಪ್ಪಿಟ್ಟಿಗೆ ರವೆ-ನೀರಿನ ಲೆಕ್ಕ ಇದ್ದ ಹಾಗೆ. ಬರೀ ಪೆಟ್ರೋಲ್ ಆದರೆ 1 ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ಮೆಕ್ಯಾನಿಕ್‌ಗಳು ‘ರಿಚ್’ ಅನ್ನುತ್ತಾರೆ, ಕಡಿಮೆಯಾದರೆ ‘ಲೀನ್’. ಎರಡೂ ಕಡೆ ಮಿತಿ ದಾಟಿದರೆ ಕಿಡಿ ಬಿದ್ದರೂ ಬೆಂಕಿ ಹತ್ತುವುದಿಲ್ಲ.

ಯಾವಾಗ ಹೊಡೆಯುತ್ತೆ?

ಡಾಕ್ಟರ ಹತ್ತಿರ ‘ಹೊಟ್ಟೆನೋವು’ ಅಂದರೆ ಸಾಕಾಗುವುದಿಲ್ಲ. ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳುತ್ತಾರೆ. ಇಲ್ಲೂ ಹಾಗೆಯೇ.

ನಿಂತಲ್ಲೇ ಕುಲುಕುತ್ತದೆ, ಓಡುವಾಗ ಸರಿ ಇರುತ್ತದೆ. ಹೀಗಿದ್ದರೆ ಗಾಳಿ ಎಲ್ಲಿಂದಲೋ ಕದ್ದು ಒಳಗೆ ನುಗ್ಗುತ್ತಿರಬಹುದು, ಅಥವಾ ಕಾರ್ಬೊರೇಟರಿನ ಐಡ್ಲಿಂಗ್ ಜೆಟ್, ಅಂದರೆ ಎಂಜಿನ್ ನಿಂತಲ್ಲೇ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತು, ಕಟ್ಟಿರಬಹುದು. ವಾಲ್ವನ್ನು ಒತ್ತುವ ಟ್ಯಾಪೆಟ್ ತೀರಾ ಬಿಗಿಯಾಗಿದ್ದರೂ ಹೀಗಾಗುತ್ತದೆ.

ನಿಂತಾಗ ಸರಿ, ಏರು ಹತ್ತುವಾಗ ಅಥವಾ ಓವರ್‌ಟೇಕ್ ಮಾಡುವಾಗ ಜರ್ಕ್. ಇದು ಹೆಚ್ಚಾಗಿ ಕಿಡಿಯ ಕಡೆಯದು. ಜೋರಾಗಿ ಓಡುವಾಗ, ಅದರಲ್ಲೂ ಸ್ವಲ್ಪ ದೂರ ಹೋದ ಮೇಲೆ, ಬರಬರುತ್ತಾ ದಮ್ಮು ಕಟ್ಟಿದ ಹಾಗೆ ಸೋತರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಫಿಲ್ಟರ್ ಮತ್ತು ಪಂಪ್ ನೋಡಬೇಕು.

ಮಳೆಯಲ್ಲಿ, ಮಂಜಿನಲ್ಲಿ ಮಾತ್ರ ಬಂದರೆ ಪ್ಲಗ್ಗಿಗೆ ಹೋಗುವ ವೈರ್‌ಗಳು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಬಂದು ಆಮೇಲೆ ಹೋದರೆ ತಣ್ಣನೆ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್, ಮಿಶ್ರಣ, ಕೆಲವೊಮ್ಮೆ ಸಿಲಿಂಡರುಗಳ ಮುಚ್ಚಳವಾದ ಹೆಡ್ಡಿನ ಅಡಿ ಇರುವ ಹೆಡ್ ಗ್ಯಾಸ್ಕೆಟ್ಟಿನಿಂದ ಸಿಲಿಂಡರಿಗೆ ಇಳಿದ ನೀರು. ಬಿಸಿಯಾದ ಮೇಲೆ ಬಂದು, ಆರಿದ ಮೇಲೆ ಹೋದರೆ ಕಿಡಿಗೆ ವೋಲ್ಟ್ ಏರಿಸುವ ಕಾಯಿಲ್ ಮೇಲೆ ಕಣ್ಣಿಡಿ. ಟ್ಯಾಂಕ್ ತುಂಬಿಸಿದ ದಿನವೇ ಶುರುವಾದರೆ? ಅದನ್ನು ಬಾಯಿಬಿಟ್ಟು ಹೇಳಲೇಬೇಕಾಗಿಲ್ಲ.

ಇವು ತೀರ್ಪುಗಳಲ್ಲ, ಸುಳಿವುಗಳು ಅಷ್ಟೇ. ಆದರೆ ಸುಳಿವಿಲ್ಲದೆ ಬಿಚ್ಚಲು ಹೊರಟರೆ ನನ್ನ ಹಾಗೆ ಕಾರ್ಬೊರೇಟರ್ ತೊಳೆಸಿದ ದುಡ್ಡು ನೀರಿಗೆ.

ಯಾವ ಸಿಲಿಂಡರ್?

‘ಯಾವಾಗ’ ಆದ ಮೇಲೆ ‘ಯಾವುದು’. ಒನಕೆ ಹಿಡಿದ ಮೂವರಲ್ಲಿ ಸೋತವರು ಯಾರು ಅಂತ ಕಂಡುಹಿಡಿಯುವುದು ಹೇಗೆ? ಒಬ್ಬೊಬ್ಬರನ್ನೇ ಸರದಿಯಿಂದ ಹೊರಗೆ ನಿಲ್ಲಿಸಿ ನೋಡಬೇಕು. ಚೆನ್ನಾಗಿ ಕುಟ್ಟುತ್ತಿದ್ದವರು ಹೊರಗೆ ನಿಂತರೆ ಲಯ ಇನ್ನೂ ಹದಗೆಡುತ್ತದೆ. ಮೊದಲೇ ಕುಟ್ಟದೇ ಇದ್ದವರು ಹೊರಗೆ ನಿಂತರೆ ಏನೂ ವ್ಯತ್ಯಾಸ ಆಗುವುದಿಲ್ಲ.

ಎಂಜಿನ್ನಿನಲ್ಲೂ ಇದನ್ನೇ ಮಾಡುತ್ತಾರೆ. ಒಂದು ಸಿಲಿಂಡರಿನ ಕೆಲಸ ನಿಲ್ಲಿಸಿ, ಐಡ್ಲಿಂಗ್ ಎಷ್ಟು ಬೀಳುತ್ತದೆ ಅಂತ ಕೇಳುವುದು. ಬಿದ್ದರೆ ಆ ಸಿಲಿಂಡರ್ ದುಡಿಯುತ್ತಿತ್ತು ಅಂತ ಅರ್ಥ. ಬೀಳದಿದ್ದರೆ ಕಳ್ಳ ಸಿಕ್ಕಿದ.

ನಿಲ್ಲಿಸುವುದರಲ್ಲಿ ಎಚ್ಚರ ಬೇಕು. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ಕ್ಯಾಪನ್ನು ಬರಿಗೈಯಲ್ಲಿ ಕಿತ್ತು ತೋರಿಸುವವರನ್ನು ನೀವೂ ನೋಡಿರುತ್ತೀರಿ. ಅದನ್ನು ಅನುಕರಿಸಬೇಡಿ. ಆ ವೈರಿನಲ್ಲಿ 20,000 ವೋಲ್ಟ್‌ವರೆಗೆ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಇರುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ಕಿಡಿಗೆ ದಾರಿಯೇ ಇಲ್ಲದಂತೆ ವೈರನ್ನು ಗಾಳಿಯಲ್ಲಿ ಬಿಟ್ಟರೆ ಒಳಗಿನ ಮಾಡ್ಯೂಲ್ ಸುಡಬಹುದು. ಎಂಜಿನ್ ಆಫ್ ಮಾಡಿ, ಒಂದು ವೈರ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಕಬ್ಬಿಣದ ಭಾಗ ಎಂಜಿನ್ನಿಗೆ ತಗುಲುವಂತೆ ಭದ್ರವಾಗಿ ಕೂರಿಸಿ, ಆಮೇಲೆ ಸ್ಟಾರ್ಟ್ ಮಾಡುವುದು ಸರಿಯಾದ ಕ್ರಮ. ಹತ್ತಿರ ಪೆಟ್ರೋಲ್ ವಾಸನೆ ಇದ್ದರೆ ಈ ಪ್ರಯೋಗವೇ ಬೇಡ. ಎಂಪಿಎಫ್‌ಐ ಕಾರಾದರೆ, ಅಂದರೆ ಕಾರ್ಬೊರೇಟರ್ ಬದಲು ಒಂದೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಕಾರಾದರೆ, ಕೆಲಸ ಇನ್ನೂ ಸುಲಭ. ಆ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ತೆಗೆದರೆ ಸಾಕು, ಪೆಟ್ರೋಲೇ ಹೋಗುವುದಿಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ವಿಧಾನ: ಅದಲು ಬದಲು. ಮೂರನೇ ಸಿಲಿಂಡರ್ ಸೋತಿದೆ ಅಂತ ಗೊತ್ತಾಯಿತು. ಅದರ ಪ್ಲಗ್ಗನ್ನು ಒಂದಕ್ಕೆ ಹಾಕಿ, ಒಂದರದ್ದನ್ನು ಮೂರಕ್ಕೆ ಹಾಕಿ. ಈಗ ಒಂದನೆಯದು ಸೋತರೆ ತಪ್ಪು ಪ್ಲಗ್ಗಿನದೇ. ಮೂರೇ ಸೋತರೆ ಪ್ಲಗ್ ನಿರಪರಾಧಿ. ಆಮೇಲೆ ಅದರ ವೈರ್, ಇಂಜೆಕ್ಟರ್, ಒಂದೊಂದು ಪ್ಲಗ್ಗಿಗೆ ಒಂದೊಂದು ಕಾಯಿಲ್ ಇರುವ ಕಾರಾದರೆ ಕಾಯಿಲ್, ಹೀಗೆ ಒಂದೊಂದನ್ನೇ ಜಾಗ ಬದಲಿಸಿ ನೋಡುವುದು. ಒಂದು ಸಲಕ್ಕೆ ಒಂದೇ ವಸ್ತು. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಹೊಸ ಸಾಮಾನಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ನಡೆಯುವ ತನಿಖೆ ಇದು.

ಸೋತ ಸಿಲಿಂಡರ್ ಒಂದೇ ಅಲ್ಲ, ಎರಡು ಅಂತ ಕಂಡರೆ? ಕೆಲವು ನಾಲ್ಕು ಸಿಲಿಂಡರಿನ ಕಾರುಗಳಲ್ಲಿ 1 ಮತ್ತು 4ಕ್ಕೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು ಇರುತ್ತದೆ. ಅಂಥ ಜೋಡಿ ಒಟ್ಟಿಗೆ ಸತ್ತರೆ ಕಾಯಿಲ್ಲನ್ನು ಅನುಮಾನಿಸಬೇಕು. ಅಕ್ಕಪಕ್ಕದ ಎರಡು ಸೋತು, ಎರಡರಲ್ಲೂ ಒತ್ತಡ ಇಲ್ಲದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹರಿದಿರುವುದು ಬಹುಮಟ್ಟಿಗೆ ಖಚಿತ. ಎಲ್ಲವೂ ಸರದಿ ಮೇಲೆ ತಪ್ಪುತ್ತಿದ್ದರೆ, ಎಲ್ಲಕ್ಕೂ ಸೇರಿದ ವಸ್ತುವಿನಲ್ಲಿ ದೋಷ ಇದೆ. ಅಂದರೆ ಪೆಟ್ರೋಲ್ ಪಂಪ್, ಕಾರ್ಬೊರೇಟರ್, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಂಥವು.

ಪ್ಲಗ್ಗಿನ ಮುಖ ನೋಡಿ

ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ಆರಿದ ಮೇಲೆ. ಬಿಸಿ ಇರುವಾಗ ಬಲವಂತ ಮಾಡಿದರೆ ಅಲ್ಯುಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಕಿತ್ತುಬರುತ್ತದೆ. ಹಾಕುವಾಗ ಮೊದಲು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್. ಬಿಚ್ಚಿದ್ದನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ.

ತುದಿ ತಿಳಿ ಕಂದು ಅಥವಾ ಬೂದಿ ಬಣ್ಣದ್ದಾದರೆ ಉರಿ ಸರಿ ಇದೆ. ಒಣ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಇಲ್ಲವೇ ಕಿಡಿ ದುರ್ಬಲ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಜಿಡ್ಡು ಜಿಡ್ಡಾಗಿ ಆಯಿಲ್ ಮೆತ್ತಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗೆ, ಗುಳ್ಳೆ ಎದ್ದಂತಿದ್ದರೆ ತುಂಬಾ ಬಿಸಿ, ಬಹುಶಃ ಲೀನ್. ಮೂರು ಪ್ಲಗ್ಗಿನಲ್ಲಿ ಒಂದು ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾಗಿದ್ದರೆ ಖುಷಿಪಡಬೇಡಿ. ಎಂಜಿನ್ ತಣಿಸುವ ಕೂಲಂಟ್ ಒಳಗೆ ಸೋರಿ, ಆವಿಯಾಗಿ, ಅದನ್ನು ತೊಳೆಯುತ್ತಿರಬಹುದು.

ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದೆಯಾ ಅಂತಲೂ ನೋಡಿ. ಕಿಡಿ ತುದಿಗೆ ಹೋಗದೆ ಹೊರಗಿನಿಂದಲೇ ಅಡ್ಡದಾರಿ ಹಿಡಿದ ಗುರುತು ಅದು.

ತುದಿಯ ಸಂದಿಗೆ ಗ್ಯಾಪ್ ಅನ್ನುತ್ತಾರೆ. ಹಳೇ ಕಾರ್ಬೊರೇಟರ್ ಕಾರುಗಳಲ್ಲಿ ಅದು ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಎಂಪಿಎಫ್‌ಐನಲ್ಲಿ ಹಲವದಕ್ಕೆ 1 ಮಿ.ಮೀ. ಆಸುಪಾಸು. ನಿಮ್ಮ ಕಾರಿನ ಅಳತೆ ಅದರ ಪುಸ್ತಕದಲ್ಲಿರುತ್ತದೆ. ಓಡಿದಂತೆ ತುದಿ ಸವೆದು ಗ್ಯಾಪ್ ಹಿಗ್ಗುತ್ತದೆ.

ಕಿಡಿಯ ದಾರಿ, ಮತ್ತು ಆ ಮಳೆಯ ಗುಟ್ಟು

ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸುವುದು ಕಾಯಿಲ್. ಹಳೇ ಕಾರಿನಲ್ಲಿ ಅಲ್ಲಿಂದ ಡಿಸ್ಟ್ರಿಬ್ಯೂಟರಿಗೆ ಬರುತ್ತದೆ. ಒಳಗೆ ತಿರುಗುವ ರೋಟರ್ ಒಂದೊಂದು ಸಿಲಿಂಡರಿಗೂ ಸರದಿಯ ಪ್ರಕಾರ ಹಂಚುತ್ತದೆ. ಪಂಕ್ತಿಯಲ್ಲಿ ಬಡಿಸುವವರ ಹಾಗೆ. ಅಲ್ಲಿಂದ ದಪ್ಪ ಎಚ್‌ಟಿ (ಹೈ ಟೆನ್ಷನ್) ವೈರ್‌ಗಳ ಮೂಲಕ ಪ್ಲಗ್ಗಿಗೆ.

ಏರು ಹತ್ತುವಾಗಲೇ ಯಾಕೆ ತಪ್ಪಬೇಕು? ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ನುಗ್ಗುತ್ತದೆ, ಒತ್ತಡ ಏರುತ್ತದೆ. ಖಾಲಿ ರಸ್ತೆಯಲ್ಲಿ ನಡೆಯುವುದಕ್ಕೂ ತೇರಿನ ದಿನದ ನೂಕುನುಗ್ಗಲಿನಲ್ಲಿ ದಾರಿ ಮಾಡಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ. ಒತ್ತಿ ತುಂಬಿದ ಗಾಳಿಯಲ್ಲಿ ಆ ಸಣ್ಣ ಸಂದಿಯನ್ನು ಹಾರಲು ಕಿಡಿಗೆ ಜಾಸ್ತಿ ವೋಲ್ಟ್ ಬೇಕು.

ಈಗ ತೋಟಕ್ಕೆ ನೀರು ಬಿಡುವ ಪೈಪನ್ನು ನೆನಪಿಸಿಕೊಳ್ಳಿ. ನಡುವೆ ಎಲ್ಲೋ ಸಣ್ಣ ಸೀಳು ಇದೆ. ಬಾಯಿ ತೆರೆದಿದ್ದಾಗ ನೀರು ಸುಮ್ನೆ ಮುಂದೆ ಹೋಗುತ್ತದೆ. ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ? ಸೀಳಿನಿಂದ ಚಿಮ್ಮುತ್ತದೆ. ಹಳೇ ಎಚ್‌ಟಿ ವೈರಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಇದೇ ಆಗುತ್ತದೆ. ಸಮತಟ್ಟು ರಸ್ತೆಯಲ್ಲಿ ಕಿಡಿ ಪ್ಲಗ್ಗಿಗೆ ಹೋಗುತ್ತದೆ. ಏರಿನಲ್ಲಿ ಪ್ಲಗ್ಗಿನ ಸಂದಿ ಹಾರುವುದು ಕಷ್ಟವಾದಾಗ ಬಿರುಕಿನಿಂದ ಎಂಜಿನ್ನಿನ ಕಬ್ಬಿಣಕ್ಕೆ ಜಿಗಿದುಬಿಡುತ್ತದೆ. ಮಳೆಯ ತೇವ, ಅದರ ಮೇಲೆ ಕೂತ ಧೂಳು ಸೇರಿದರೆ ಆ ಜಿಗಿತ ಇನ್ನೂ ಸಲೀಸು.

ಚಾರ್ಮಾಡಿಯಲ್ಲಿ ನಮಗಾಗಿದ್ದು ಇದೇ. ಕೊಟ್ಟಿಗೆಹಾರದಲ್ಲಿ ನಾವು ದೋಸೆ ತಿನ್ನುವಷ್ಟರಲ್ಲಿ ಎಂಜಿನ್ನಿನ ಕಾವಿಗೆ ವೈರ್ ಒಣಗಿತ್ತು. ಆ ಹಿರಿಯ ಮೆಕ್ಯಾನಿಕ್ ಕತ್ತಲಾಗುವವರೆಗೆ ಕಾಯಿಸಿದರು. ಶೆಡ್ಡಿನ ದೀಪ ಆರಿಸಿ, ಎಂಜಿನ್ ಓಡಿಸುತ್ತಾ, ಕ್ಷೌರದಂಗಡಿಯಲ್ಲಿ ಇರುವಂಥ ನೀರಿನ ಸ್ಪ್ರೇಯಿಂದ ವೈರ್‌ಗಳ ಮೇಲೆ ಸಣ್ಣಗೆ ಮಂಜು ಹೊಡೆದರು. ಎರಡನೇ ವೈರಿನ ಬುಡದಲ್ಲಿ ನೀಲಿ ಮಿಂಚು ಚಿಟ್ ಚಿಟ್ ಅಂದಿತು. ಎಂಜಿನ್ ಅದೇ ಕ್ಷಣ ಕುಂಟಿತು. ಒಂದು ಸೆಟ್ ವೈರ್ ಹಾಕಿದ ಮೇಲೆ ಮುಗಿಯಿತು. ಈ ಪರೀಕ್ಷೆಯಲ್ಲಿ ಕೈ ದೂರ ಇರಬೇಕು, ಫ್ಯಾನಿನ ಹತ್ತಿರ ಬಟ್ಟೆ ಹೋಗಬಾರದು. ಮನೆಯಲ್ಲಿ ಮಾಡುವುದಕ್ಕಿಂತ ತಿಳಿದವರ ಎದುರು ನಿಂತು ನೋಡುವುದು ವಾಸಿ.

ವೈರನ್ನು ಮಲ್ಟಿಮೀಟರಿನಲ್ಲೂ ಅಳೆಯಬಹುದು. ಸೆಟ್ಟಿನ ಉಳಿದ ವೈರ್‌ಗಳಿಗಿಂತ ಒಂದು ಮಾತ್ರ ವಿಪರೀತ ರೆಸಿಸ್ಟೆನ್ಸ್ ತೋರಿಸಿದರೆ ಅದು ಒಳಗೆ ತುಂಡಾಗಿದೆ. ಆದರೆ ರಬ್ಬರ್ ಬಿರುಕು ಮೀಟರಿಗೆ ಕಾಣುವುದಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರೆ ಒಳಗಿನ ತುದಿಗಳಲ್ಲಿ ಹಸಿರು ಕಿಲುಬು, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ನೋಡಬೇಕು.

ಗ್ಯಾಸ್ ಕಿಟ್ ಹಾಕಿಸಿದ ಕಾರಿನವರು ಒಂದು ಗಮನಿಸಿರಬಹುದು. ಪೆಟ್ರೋಲಿನಲ್ಲಿ ಸರಿ ಓಡುವ ಕಾರು ಗ್ಯಾಸಿಗೆ ಹಾಕಿದ ಕೂಡಲೇ ಮಿಸ್ಸಿಂಗ್ ಹೊಡೆಯುತ್ತದೆ. ಎಲ್ಲರೂ ಕಿಟ್ಟನ್ನು ಬೈಯುತ್ತಾರೆ. ಗ್ಯಾಸ್ ಮಿಶ್ರಣ ಹೊತ್ತಿಸಲು ಜಾಸ್ತಿ ವೋಲ್ಟ್ ಬೇಕಾಗುವುದರಿಂದ, ಸವೆದ ಪ್ಲಗ್-ವೈರಿನ ಬಂಡವಾಳ ಅಲ್ಲಿ ಮೊದಲು ಬಯಲಾಗುತ್ತದೆ ಅಷ್ಟೇ.

ತೂತಾದ ಸ್ಟ್ರಾ

ಕಿಡಿ ಸರಿ ಇದೆ ಅಂತಾದರೆ ಮಿಶ್ರಣಕ್ಕೆ ಬರಬೇಕು. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದು ನೋಡಿ. ಎಷ್ಟು ಎಳೆದರೂ ಗಾಳಿಯೇ ಬರುತ್ತದೆ. ಎಂಜಿನ್ ಕೂಡ ಗಾಳಿಯನ್ನು ಹೀಗೆ ಎಳೆದುಕೊಳ್ಳುತ್ತದೆ. ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ ಒಣಗಿ ಸೀಳಿದರೆ, ಅಥವಾ ಯಾವುದಾದರೂ ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತಿದ್ದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ಲೀನ್ ಆಗುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ. ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಜೋರಾಗಿ ಓಡುವಾಗ ಅದು ಗಣನೆಗೇ ಬರುವುದಿಲ್ಲ. ನಿಂತಾಗ ಕುಲುಕಿ ಓಡುವಾಗ ಸರಿ ಹೋಗುವುದು ಇದಕ್ಕೇ.

ಕಿವಿಗೊಟ್ಟರೆ ‘ಸುಸ್’ ಅನ್ನುವ ಸದ್ದು ಕೇಳಬಹುದು. ಅನುಮಾನ ಇರುವ ಜಾಗಕ್ಕೆ ಸ್ವಲ್ಪ ಸೋಪಿನ ನೀರು ಹಾಕಿ, ಐಡ್ಲಿಂಗ್ ಬದಲಾದರೆ ತೂತು ಅಲ್ಲೇ ಇದೆ. ಕೆಲವರು ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆಯುತ್ತಾರೆ. ಅದು ಬೆಂಕಿ ಹಿಡಿಯುವ ವಸ್ತು, ಸೋರುವ ವೈರ್ ಪಕ್ಕದಲ್ಲೇ ಇದ್ದರೆ ಏನಾಗಬಹುದು ಅಂತ ಯೋಚಿಸಿ. ಬ್ರೇಕ್ ಒತ್ತಿದಾಗ ಐಡ್ಲಿಂಗ್ ಗಮನಾರ್ಹವಾಗಿ ಬದಲಾದರೆ ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿಗೆ ಹೋಗುವ ಪೈಪನ್ನು ಮೊದಲು ನೋಡಿಸಬೇಕು. ಅಲ್ಲಿ ಪ್ರಶ್ನೆ ಮಿಸ್ಸಿಂಗಿನದಷ್ಟೇ ಅಲ್ಲ, ಬ್ರೇಕಿನದೂ ಹೌದು.

ಎಥನಾಲ್ ತಪ್ಪಾ?

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮೊದಲು ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. ದೇಶದ ಬಂಕುಗಳಲ್ಲಿ 2025ರ ಹೊತ್ತಿಗೆ ಅದು ಮಾಮೂಲಿಯಾಯಿತು. ಹಳೇ ಕಾರು ಕೆಮ್ಮಿದರೆ ಈಗ ಮೊದಲ ಬೆರಳು ಅದರ ಕಡೆ.

ಏನಾಗುತ್ತದೆ ಅಂತ ನೋಡೋಣ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇದೆ, ಹಾಗಾಗಿ ಉರಿಯಲು ಹೊರಗಿನ ಗಾಳಿ ಕಡಿಮೆ ಸಾಕು. ಇ20ಗೆ ಬೇಕಾದ ಅಳತೆ 14.7 ಅಲ್ಲ, ಸುಮಾರು 13.5. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಕಾರು ಇದನ್ನು ಕಂಡುಕೊಂಡು ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಡುತ್ತದೆ. ಕಾರ್ಬೊರೇಟರಿಗೆ ಅಂಥ ನಾಲಿಗೆ ಇಲ್ಲ. ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಹೀಗಾಗಿ ಅದು ಮೊದಲಿಗಿಂತ ಲೀನ್ ಓಡುತ್ತದೆ. ಮೊದಲೇ ಗಾಳಿ ಸೋರುತ್ತಿದ್ದ ಎಂಜಿನ್ನಾದರೆ ಮಿಸ್ಸಿಂಗ್ ಎದ್ದು ಕಾಣುತ್ತದೆ.

ಇನ್ನೆರಡು ಸಂಗತಿ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರಿನಂಶ ಮಿತಿ ಮೀರಿದರೆ ನೀರು-ಎಥನಾಲ್ ಕೆಳಗೆ, ಪೆಟ್ರೋಲ್ ಮೇಲೆ ಅಂತ ಬೇರೆ ಬೇರೆಯಾಗಿ ಕೂರುತ್ತದೆ. ಪಂಪ್ ಎಳೆಯುವುದು ತಳದಿಂದ. ಎರಡನೆಯದು, ಹಳೇ ಕಾಲದ ಕೆಲವು ರಬ್ಬರ್ ಪೈಪ್ ಮತ್ತು ಸೀಲ್‌ಗಳಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಪೆಟ್ರೋಲ್ ಪೈಪ್‌ಗಳು ಊದಿಕೊಂಡಿವೆಯಾ, ಬಿರಿದಿವೆಯಾ ಅಂತ ನೋಡುವುದು ಒಳ್ಳೆಯದು. ಆದರೆ ಮಿಸ್ಸಿಂಗ್ ಒಂದೇ ಸಿಲಿಂಡರಿನಲ್ಲಿ ಇದ್ದರೆ ಎಥನಾಲನ್ನು ಬಿಟ್ಟುಬಿಡಿ. ಟ್ಯಾಂಕಿನಿಂದ ಬರುವ ಪೆಟ್ರೋಲ್ ಮೂರಕ್ಕೂ ಒಂದೇ.

ಸೈಕಲ್ ಪಂಪಿನ ವಾಷರ್

ಕೊನೆಯದು ಒತ್ತಡ. ಎಲ್ಲ ಪ್ಲಗ್ ಬಿಚ್ಚಿ, ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ಬಂದ್ ಮಾಡಿ, ಒಂದೊಂದು ರಂಧ್ರಕ್ಕೂ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುತ್ತಾರೆ. ಹಲವು ಪೆಟ್ರೋಲ್ ಎಂಜಿನ್ನುಗಳಲ್ಲಿ 150ರಿಂದ 180 ಪಿಎಸ್‌ಐ ಬರುತ್ತದೆ. ಅಂಕಿಗಿಂತ ಮುಖ್ಯ ಅಂದರೆ ಮೂರೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತುಂಬಾ ಕೆಳಗಿದ್ದರೆ ಒತ್ತಡ ಎಲ್ಲಿಂದಲೋ ಸೋರುತ್ತಿದೆ.

ಎಲ್ಲಿಂದ? ಸೈಕಲ್ ಪಂಪಿನ ಚರ್ಮದ ವಾಷರ್ ಒಣಗಿದಾಗ ಎರಡು ಹನಿ ಎಣ್ಣೆ ಬಿಟ್ಟರೆ ಮತ್ತೆ ಗಾಳಿ ಕಟ್ಟುತ್ತಿತ್ತು, ನೆನಪಿದೆಯಾ? ಇಲ್ಲೂ ಅದೇ. ಸೋತ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ‘ಹೆಡ್ ಇಳಿಸಬೇಕು’ ಅಂತ ಯಾರಾದರೂ ಹೇಳಿದರೆ ಮೊದಲು ಈ ಗೇಜಿನ ಅಂಕಿ ಕೇಳಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೇ ಇದ್ದರೂ ಒತ್ತಡ ಸೋರುತ್ತದೆ, ವಾಲ್ವ್ ಇನ್ನೂ ಸುಟ್ಟಿರದಿದ್ದರೆ ಅದಕ್ಕೆ ಒಂದು ಗಂಟೆಯ ಅಡ್ಜಸ್ಟ್‌ಮೆಂಟ್ ಸಾಕು.

ಸ್ಕ್ಯಾನರ್ ಹೇಳುವುದು, ಹೇಳದೇ ಇರುವುದು

2013ರಿಂದೀಚೆಗೆ ನಮ್ಮಲ್ಲಿ ಬಂದ ಹೆಚ್ಚಿನ ಕಾರುಗಳು ಒಬಿಡಿ-2 (ಕಾರೇ ತನ್ನ ದೋಷ ಗುರುತಿಸಿಕೊಳ್ಳುವ ವ್ಯವಸ್ಥೆ) ನಿಯಮದವು. ಅವು ಮಿಸ್ಸಿಂಗನ್ನು ತಾವೇ ಪತ್ತೆ ಮಾಡುತ್ತವೆ. ಸಿಲಿಂಡರ್ ಉರಿದಾಗಲೆಲ್ಲ ಕ್ರ್ಯಾಂಕ್ ಒಂದು ಚೂರು ವೇಗ ಪಡೆಯುತ್ತದೆ. ಆ ಚೂರು ಸಿಗದೇ ಹೋದರೆ ಕ್ರ್ಯಾಂಕ್ ಸೆನ್ಸರಿಗೆ ಗೊತ್ತಾಗುತ್ತದೆ. ಗ್ಯಾರೇಜಿನ ಸ್ಕ್ಯಾನರ್ ತೋರಿಸುವ ಕೋಡ್ ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಪಿ0300 ಅಂದರೆ ಒಂದೇ ಕಡೆ ಅಂತ ಇಲ್ಲ. ಸ್ಕ್ಯಾನರ್ ‘ಯಾವುದು’ ಅಂತ ಹೇಳುತ್ತದೆ, ‘ಯಾಕೆ’ ಅಂತ ಹೇಳುವುದಿಲ್ಲ. ಪಿ0301 ಬಂತು, ಕಾಯಿಲ್ ಹಾಕಿ ಅನ್ನುವುದು ತನಿಖೆಯಲ್ಲ, ಊಹೆ. ಅದಕ್ಕಿಂತ ಹಳೇ ಕಾರುಗಳಿಗೆ ಈ ಸವಲತ್ತೇ ಇಲ್ಲದಿರಬಹುದು.

ಆದರೆ ಹಳೇ ಕಾರಿನವರ ಹತ್ತಿರವೂ ಒಂದು ಸ್ಕ್ಯಾನ್ ವರದಿ ಇರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟಿರುತ್ತೀರಿ. ಅದೇ ಎಮಿಷನ್ ಟೆಸ್ಟಿನ ಚೀಟಿ. ಅದರಲ್ಲಿ ಸಿಒ ಮತ್ತು ಎಚ್‌ಸಿ ಅಂತ ಎರಡು ಅಂಕಿ ಇವೆ. ಎಚ್‌ಸಿ ಅಂದರೆ ಉರಿಯದೇ ಹೊರಬಿದ್ದ ಪೆಟ್ರೋಲ್. ಸಿಒ ಅಂದರೆ ಅರೆಬೆಂದ ಪೆಟ್ರೋಲಿನ ಗುರುತು. ಸಿಒ ಜಾಸ್ತಿ ಇದ್ದರೆ ಮಿಶ್ರಣ ರಿಚ್. ಸಿಒ ಸರಿ ಇದ್ದು ಎಚ್‌ಸಿ ಮಾತ್ರ ಏರಿದ್ದರೆ ಯಾವುದೋ ಸಿಲಿಂಡರ್ ತಪ್ಪುತ್ತಿದೆ. ಕಳೆದ ಸಲದ ಚೀಟಿ ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹಾಗೇ ಓಡಿಸಬಹುದಾ?

ಮನೆವರೆಗೆ ನಿಧಾನಕ್ಕೆ, ಸರಿ. ವಾರಗಟ್ಟಲೆ ಬೇಡ. ಉರಿಯದ ಪೆಟ್ರೋಲ್ ಎರಡು ಕಡೆ ಹಾನಿ ಮಾಡುತ್ತದೆ. ಒಂದು ಪಾಲು ಸಿಲಿಂಡರ್ ಗೋಡೆಯ ಆಯಿಲ್ಲನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರಿಗೆ ಹೋಗುತ್ತದೆ. ಅಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಆ ಪೆಟ್ರೋಲ್ ಅದರೊಳಗೆ ಉರಿದು, ಒಳಗಿನ ಜೇನುಗೂಡಿನಂಥ ಭಾಗ ಕರಗಬಹುದು. ನಮ್ಮಲ್ಲಿ 1995ರಲ್ಲಿ ಮೊದಲು ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು, ಆಮೇಲೆ ಎಲ್ಲ ಕಡೆ ಬಂತು. ಪ್ಲಗ್ಗಿನ ಮುಂದೆ ಅದರ ಬೆಲೆ ಎಷ್ಟೋ ಪಟ್ಟು. ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಕನ್ವರ್ಟರ್ ಸುಡುವಷ್ಟು ಮಿಸ್ಸಿಂಗ್ ನಡೆಯುತ್ತಿದೆ ಅಂತ. ವೇಗ ತಗ್ಗಿಸಿ, ಪಕ್ಕಕ್ಕೆ ಹಾಕಿ.

ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ. ನಿಂತಾಗಲೋ ಏರಿನಲ್ಲೋ. ಮಳೆಯಲ್ಲಿ ಮಾತ್ರವೋ. ಪ್ಲಗ್, ವೈರ್, ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ. ಬದಲಿಸಿದ ಹಳೇ ಸಾಮಾನನ್ನು ವಾಪಸ್ ಕೇಳಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ನಮ್ಮ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ, ಆ ಸೀಳಿದ ಎರಡನೇ ವೈರ್ ಈಗಲೂ ಇದೆ.